ಬಿಟ್ಟ ಬಾಣ ಮರಳಿ ಬರಬೇಕಾದರೆ

ಬಿಟ್ಟ ಬಾಣವೂ ಆಡಿದ ಮಾತೂ ಮರಳಿ ಬಾರವೆಂದು ಹಿರಿಯರು ಹೇಳುತ್ತಾರೆ. ಮಾತಿನ ವಿಷಯದಲ್ಲಿ ಈ ನುಡಿ ಎಂದೆಂದಿಗೂ ಸತ್ಯ. ಆದರೆ ಬಿಲ್ಲುವಿದ್ಯೆಯ ಅಭ್ಯಾಸಕ್ಕೆ ತೊಡಗಿದವನ ಪಾಡೇ ಬೇರೆ. ಅವನು ಬಿಟ್ಟ ಬಾಣ ಮರಳಿ ಬರಲೇಬೇಕು. ಬೆಳಗ್ಗೆ ಆರು ಬಾಣಗಳೊಡನೆ ಹೊರಟವನು ಆ ಆರನ್ನೇ ಮತ್ತೆ ಮತ್ತೆ ಬಿಟ್ಟು, ಮತ್ತೆ ಮತ್ತೆ ಹೆಕ್ಕಿ ತರಬೇಕು. ಹೆಕ್ಕಿದ ಬಾಣ ಮುರಿದಿದ್ದರೆ ಅಂದಿನ ಅಭ್ಯಾಸಕ್ಕೆ ಅಷ್ಟರ ಮಟ್ಟಿಗೆ ಕುಂದು. ಮುರಿದಿರುವುದು ಕಣ್ಣಿಗೆ ಕಾಣದೆ, ಅದೇ ಬಾಣ ಮತ್ತೆ ಹೆದೆಗೇರಿದರೆ ಕೈಗೇ ಕೇಡು.

ಹಿಂದೆ ಬಿದಿರು, ಬೆತ್ತ, ಮರಗಳಿಂದ ಆಗುತ್ತಿದ್ದ ಬಾಣದ ಕಡ್ಡಿ ಇಂದು ಇಂಗಾಲದ ನಾರಿನಿಂದ, ಎಂದರೆ ಕಾರ್ಬನ್ನಿನಿಂದ, ತಯಾರಾಗಿ ಅಂಗಡಿಗೆ ಬರುತ್ತಿದೆ. ಸರಳವಾದ ಮರದ ಬಿಲ್ಲನ್ನು ಹಿಡಿದವರ ಬತ್ತಳಿಕೆಯನ್ನೂ ಅದು ಸೇರಿದೆ. ಬಿಲ್ಲು ಹಳೆಯದು, ಬಾಣ ಹೊಸದು. ಈ ಹೊಸ ಬಾಣವನ್ನು ಹೆಚ್ಚು ಕಾಲ ಬಾಳಿಸುವುದು ಹೇಗೆಂಬ ಪ್ರಶ್ನೆಗೆ ಉತ್ತರ ಹುಡುಕಹೊರಟರೆ, ಅದರ ಬಹುಭಾಗ ಅಜ್ಜಂದಿರ ಕೈಕಸುಬಿನಲ್ಲಿಯೇ ಅಡಗಿರುವುದು ಕಂಡುಬರುತ್ತದೆ.

ಆಯುಧಗಳ ನಾಡಿನಲ್ಲಿ

ಮೈಸೂರಿನಿಂದ ಹುಣಸೂರು, ತಿತಿಮತಿಗಳನ್ನು ದಾಟಿ ವಿರಾಜಪೇಟೆಯ ಕಡೆಗೆ ಸಾಗುವ ಹಾದಿಯಲ್ಲಿ ಗೋಣಿಕೊಪ್ಪಲು ಸಿಗುತ್ತದೆ. ಅದು ದಕ್ಷಿಣ ಕೊಡಗಿನ ದೊಡ್ಡ ಪೇಟೆ. ಸುತ್ತಲೂ ಕಾಫಿಯ ತೋಟಗಳು, ತಗ್ಗಿನಲ್ಲಿ ಭತ್ತದ ಗದ್ದೆಗಳು, ಮಗ್ಗುಲಲ್ಲಿ ಕೀರೆಹೊಳೆ, ಮೂಡಲಿಗೆ ನಾಗರಹೊಳೆಯ ಕಾಡು. ದಸರೆಯ ಉತ್ಸವಕ್ಕೆ ಹೆಸರಾದ ಊರಿದು. ನವರಾತ್ರಿಯ ಆಯುಧಪೂಜೆ ನಾಡಿನ ಎಲ್ಲೆಡೆಯಲ್ಲೂ ಉಂಟು. ಕೊಡವರಿಗಾದರೋ ಆಯುಧಗಳಿಗೆಂದೇ ಮೀಸಲಾದ ಮತ್ತೊಂದು ಹಬ್ಬವಿದೆ. ಅದೇ ಕೈಲ್‌ಪೊಳ್ದ್, ಕನ್ನಡದಲ್ಲಿ ಕೈಲು ಮುಹೂರ್ತ. ಗದ್ದೆಯ ನಾಟಿ ಮುಗಿದು ಮಳೆಯ ಆರ್ಭಟ ತಗ್ಗುವ ಸೆಪ್ಟೆಂಬರ್ ತಿಂಗಳ ಆರಂಭದಲ್ಲಿ ಅದು ಬರುತ್ತದೆ. ಅಂದು ಮನೆಯ ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ಒರೆಸಿ ಹೊಳಪಿಸಿ, ‘ತೋಕ್ ಪೂ’ ಎಂಬ ಕೆಂಪು ಹಳದಿ ಬಣ್ಣದ ಹೂವನ್ನು ಮುಡಿಸಿ ಪೂಜಿಸುತ್ತಾರೆ. ಅನಂತರ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ ನಡೆಯುತ್ತದೆ.

ಇಂದು ಆ ತೆಂಗಿನಕಾಯಿಯನ್ನು ಒಡೆಯುವುದು ಕೋವಿಯ ಗುಂಡು. ಆದರೆ ಕೋವಿಗೆ ಮೊದಲು ಇಲ್ಲಿ ಬಿಲ್ಲಿದ್ದಿತೆಂಬುದಕ್ಕೆ ಒಂದು ಸೊಗಸಾದ ಸಾಕ್ಷಿ ಉಳಿದಿದೆ. ಕೊಡಗಿನ ವಿಷಯವಾಗಿ 1870ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದ ಪಾದ್ರಿ ರಿಕ್ಟರ್ ಅದನ್ನು ಬರೆದಿಟ್ಟಿದ್ದಾನೆ. ಕೊಡವರ ಮನೆಯಲ್ಲಿ ಗಂಡುಮಗು ಹುಟ್ಟಿದೊಡನೆ ಹರಳುಗಿಡದ ಕಡ್ಡಿಯಿಂದ ಪುಟ್ಟ ಬಿಲ್ಲನ್ನೂ, ಅದೇ ಗಿಡದ ಎಲೆಯ ದಂಟಿನಿಂದ ಬಾಣವನ್ನೂ ಮಾಡಿ ಶಿಶುವಿನ ಕೈಗಿಡುತ್ತಿದ್ದರು. ಅದೇ ಹೊತ್ತಿಗೆ ಅಂಗಳದಲ್ಲಿ ಕೋವಿಯ ಗುಂಡೊಂದು ಹಾರುತ್ತಿದ್ದಿತು. ಹಳೆಯ ಆಯುಧ ಹಸುಳೆಯ ಕೈಯಲ್ಲಿ, ಹೊಸ ಆಯುಧ ಅಂಗಳದಲ್ಲಿ!

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ಬ್ರಿಟಿಷರ ಕಾಲದಲ್ಲಿ ದೊರೆತ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ಮುಂದುವರಿಸಿತು. ಬೇಟೆಯ ಕಾಲವಾದರೋ 1972ರ ವನ್ಯಜೀವಿ ಸಂರಕ್ಷಣಾ ಕಾನೂನಿನೊಡನೆ ಮುಗಿದುಹೋಯಿತು. ಇನ್ನು ಬಿಲ್ಲಿಗೆ ಉಳಿದಿರುವುದು ಗುರಿಯ ಹಲಗೆಯೊಂದೇ. ಆ ಹಾದಿಯೂ ಅಲ್ಪವಾದುದಲ್ಲ. ರಾಜಸ್ಥಾನದ ಉದಯಪುರ ಜಿಲ್ಲೆಯ ಬುಡಕಟ್ಟಿನ ಹುಡುಗ ಲಿಂಬಾ ರಾಮ್ ಬಿದಿರಿನ ಬಿಲ್ಲಿನಿಂದಲೇ ಕೈ ಪಳಗಿಸಿಕೊಂಡವನು. ಆತ 1988, 1992, 1996ರ ಮೂರು ಒಲಿಂಪಿಕ್ಸ್‌ಗಳಲ್ಲಿ ಭಾರತವನ್ನು ಪ್ರತಿನಿಧಿಸಿದ. 1992ರಲ್ಲಿ ಬೀಜಿಂಗ್ ನಗರದಲ್ಲಿ 30 ಮೀಟರ್ ದೂರದ ಗುರಿಗೆ 360 ಅಂಕಗಳಲ್ಲಿ 358ನ್ನು ಗಳಿಸಿ ಅಂದಿನ ವಿಶ್ವದಾಖಲೆಯನ್ನು ಸರಿಗಟ್ಟಿದ. ಕಾಡಂಚಿನ ಊರುಗಳ ಮಕ್ಕಳಿಗೆ ಈ ವಿದ್ಯೆ ತೆರೆಯಬಲ್ಲ ಬಾಗಿಲು ಎಂಥದೆಂಬುದಕ್ಕೆ ಇದೊಂದೇ ನಿದರ್ಶನ ಸಾಕು.

ಬಿದಿರಿನಿಂದ ಇಂಗಾಲಕ್ಕೆ

ಬಿದಿರಿನ ಬಾಣಕ್ಕೆ ಅದರದೇ ಆದ ಗುಣವಿದೆ. ಅದು ಗಟ್ಟಿ, ಹಗುರ; ಕೈಗೆ ಸುಲಭವಾಗಿ ಸಿಗುವಂಥದು. ಆದರೆ ಒಂದೇ ಮೆಳೆಯಿಂದ ಕಡಿದ ಎರಡು ಕಡ್ಡಿಗಳು ತೂಕದಲ್ಲಿಯೂ ಬಿರುಸಿನಲ್ಲಿಯೂ ಒಂದರಂತೆ ಒಂದು ಇರುವುದಿಲ್ಲ. ಆರಿಸಿ, ನೆರಳಿನಲ್ಲಿ ಒಣಗಿಸಿ, ಕೆಂಡದ ಶಾಖಕ್ಕೆ ಹಿಡಿದು ನೆಟ್ಟಗೆ ಮಾಡಬೇಕು. ಮಾಡಿದ್ದೂ ಕೊಡಗಿನ ಮಳೆಗಾಲದಲ್ಲಿ ತೇವ ಹೀರಿ ಮತ್ತೆ ಡೊಂಕಾಗುತ್ತದೆ. ಇಂಗಾಲದ ಕಡ್ಡಿಗೆ ಈ ತೊಂದರೆಗಳಿಲ್ಲ. ಆಷಾಢದ ಮಳೆಯಲ್ಲಿ ನೆನೆದರೂ ಅದು ನೆಟ್ಟಗೇ ಇರುತ್ತದೆ. ಒಂದು ಡಜನ್ ಕಡ್ಡಿಗಳು ಅಚ್ಚಿನಲ್ಲಿ ಎರಕ ಹೊಯ್ದಂತೆ ಒಂದೇ ಸಮವಾಗಿರುತ್ತವೆ.

ಈ ಎರಡಕ್ಕೂ ಹಳೆಯ ನಂಟೊಂದಿದೆ ಎಂದರೆ ಓದುಗರಿಗೆ ಸೋಜಿಗವಾಗಬಹುದು. ಥಾಮಸ್ ಎಡಿಸನ್ 1880ರಲ್ಲಿ ತನ್ನ ವಿದ್ಯುದ್ದೀಪದೊಳಗಿನ ತಂತುವಿಗಾಗಿ ನಾನಾ ಪದಾರ್ಥಗಳನ್ನು ಸುಟ್ಟು ನೋಡಿ, ಕೊನೆಗೆ ಬಿದಿರಿನ ಸೀಳನ್ನೇ ಕರಿದಾಗಿಸಿ ಇಂಗಾಲದ ನಾರನ್ನು ಪಡೆದ. ಇಂದಿನ ಬಲಿಷ್ಠ ನಾರಿನ ಕತೆ ಆರಂಭವಾದದ್ದು 1958ರಲ್ಲಿ. ಅಮೆರಿಕದ ರೋಜರ್ ಬೇಕನ್ ಎಂಬ ವಿಜ್ಞಾನಿಯ ಪ್ರಯೋಗಶಾಲೆಯಲ್ಲಿ. ಬಳಿಕ ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳು ಅದನ್ನು ಮುಂದುವರಿಸಿದರು. ಒಂದು ಬಗೆಯ ಕೃತಕ ನೂಲನ್ನು ಗಾಳಿಯ ಸೋಂಕಿಲ್ಲದೆ ಸಾವಿರ ಡಿಗ್ರಿಗೂ ಮೀರಿದ ಶಾಖದಲ್ಲಿ ಕಾಯಿಸಿದಾಗ ಇಂಗಾಲ ಮಾತ್ರ ಉಳಿಯುತ್ತದೆ. ಆ ಎಳೆಯ ದಪ್ಪ ತಲೆಗೂದಲಿನ ಹತ್ತನೆಯ ಒಂದು ಭಾಗದಷ್ಟು. ಇಂತಹ ಅಸಂಖ್ಯಾತ ಎಳೆಗಳನ್ನು ಎಪಾಕ್ಸಿ ಎಂಬ ರಾಳದಲ್ಲಿ ಅದ್ದಿ, ಕೊಳವೆಯಾಗಿ ಸುತ್ತಿ, ಬಿಸಿಮಾಡಿ ಗಟ್ಟಿಗೊಳಿಸಿದರೆ ಬಾಣದ ಕಡ್ಡಿ ಸಿದ್ಧ.

ಪೆಟ್ಟನ್ನು ಬಚ್ಚಿಡುವ ಕಡ್ಡಿ

ಇಂಗಾಲದ ನಾರನ್ನು ಉದ್ದಕ್ಕೆ ಎಳೆದರೆ ಅದು ಉಕ್ಕನ್ನೂ ನಾಚಿಸುತ್ತದೆ. ಅಡ್ಡಕ್ಕೆ ಬಿದ್ದ ಪೆಟ್ಟಿಗೆ ಸುಲಭವಾಗಿ ಸೋಲುತ್ತದೆ. ಬಾಣದ ಕಡ್ಡಿಯಲ್ಲಿ ಬಹುಪಾಲು ಎಳೆಗಳು ಉದ್ದಕ್ಕೇ ಸಾಗಿರುತ್ತವೆ. ಆದುದರಿಂದ ಮೊನೆ ಕಲ್ಲಿಗೋ ಮರದ ಬೊಡ್ಡೆಗೋ ಬಡಿದಾಗ, ಮೊನೆಯನ್ನು ಕೂರಿಸಿದ ತುದಿ ಹೂವಿನಂತೆ ಬಿರಿದುಕೊಳ್ಳುತ್ತದೆ. ಹಿಂದಿನಿಂದ ಬಂದ ಮತ್ತೊಂದು ಬಾಣ ತಗುಲಿದರೆ ಗರಿಯ ಕಡೆಯ ತುದಿ ಸೀಳುತ್ತದೆ. ನಡುಭಾಗಕ್ಕೆ ಓರೆಯಾಗಿ ಪೆಟ್ಟು ಬಿದ್ದರೆ ಒಳಗಿನ ಪದರಗಳು ಒಂದನ್ನೊಂದು ಬಿಡುತ್ತವೆ.

ಅಲ್ಯೂಮಿನಿಯಂ ಬಾಣ ಪೆಟ್ಟು ತಿಂದರೆ ಬಾಗಿ ತೋರಿಸುತ್ತದೆ. ಬಿದಿರು ಸಿಬಿರೆದ್ದು ತೋರಿಸುತ್ತದೆ. ಇಂಗಾಲದ ಕಡ್ಡಿಯಾದರೋ ಮತ್ತೆ ನೆಟ್ಟಗೆ ನಿಂತು, ಏನೂ ಆಗಿಲ್ಲವೆಂಬಂತೆ ನಟಿಸುತ್ತದೆ. ಒಳಗೆ ಬಿರುಕಿರುವ ಕಡ್ಡಿಯನ್ನು ಹೆದೆಗೇರಿಸಿ ಬಿಟ್ಟಾಗ, ಹೆದೆಯ ಸಮಸ್ತ ಬಲವೂ ಆ ಬಿರುಕಿನ ಮೇಲೆ ಬೀಳುತ್ತದೆ. ಕಡ್ಡಿ ಆ ಕ್ಷಣದಲ್ಲಿಯೇ ಚೂರಾಗಿ, ಬಿಲ್ಲು ಹಿಡಿದ ಎಡಗೈಯನ್ನು ಹೊಕ್ಕರೂ ಹೊಕ್ಕೀತು. ಇನ್ನೂ ಒಂದು ಕಷ್ಟವಿದೆ. ಎಕ್ಸ್-ರೇ ಕಿರಣಗಳಿಗೆ ಇಂಗಾಲದ ನಾರು ಬಹುಮಟ್ಟಿಗೆ ಪಾರದರ್ಶಕ. ಆಸ್ಪತ್ರೆಗಳ ಎಕ್ಸ್-ರೇ ಮೇಜಿನ ಹಲಗೆಗಳನ್ನೇ ಅದರಿಂದ ಮಾಡುವುದುಂಟು. ಆದ್ದರಿಂದ ಮಾಂಸದೊಳಗೆ ಉಳಿದ ಸಿಬಿರು ಚಿತ್ರದಲ್ಲಿ ಕಾಣದೆಯೇ ಹೋಗಬಹುದು. ಬಾಣದ ಬಾಳಿಕೆಯೆಂಬುದು ಹಣದ ಉಳಿತಾಯವಷ್ಟೇ ಅಲ್ಲವೆಂದು ಹೇಳುವುದು ಇದಕ್ಕಾಗಿಯೇ.

ಒನಕೆಯ ಬಳೆ ಕಲಿಸುವ ಪಾಠ

ಭತ್ತ ಕುಟ್ಟುವ ಒನಕೆಯ ತುದಿಗೆ ಕಬ್ಬಿಣದ ಬಳೆಯೊಂದನ್ನು ತೊಡಿಸಿರುವುದನ್ನು ಹಳೆಯ ಮನೆಗಳಲ್ಲಿ ಕಂಡವರುಂಟು. ಪೆಟ್ಟು ಎಷ್ಟೇ ಬಿದ್ದರೂ ಮರ ಸೀಳದಂತೆ ಆ ಬಳೆ ಬಿಗಿಹಿಡಿಯುತ್ತದೆ. ಬಡಗಿಯ ಉಳಿಯ ಹಿಡಿಗೂ ಇದೇ ಉಪಾಯ. ಇಂಗಾಲದ ಬಾಣಕ್ಕೆ ಬೇಕಾದದ್ದೂ ಇಂಥದೇ ಒಂದು ಬಳೆ.

ಕಡ್ಡಿಯ ಹೊರಮೈಗೆ ಸರಿಯಾಗಿ ಕೂರುವ ತೆಳು ಅಲ್ಯೂಮಿನಿಯಂ ಕೊಳವೆಯಿಂದ ಒಂದರಿಂದ ಎರಡು ಅಂಗುಲ ಉದ್ದದ ತುಂಡನ್ನು ಕತ್ತರಿಸಿಕೊಳ್ಳಬೇಕು. ಹಳೆಯ ಅಲ್ಯೂಮಿನಿಯಂ ಬಾಣದ ತುಂಡಾದರೂ ಆದೀತು. ಒಳ ಅಂಚಿನ ಮುಳ್ಳುಗಳನ್ನು ಅರದಿಂದ ಉಜ್ಜಿ ತೆಗೆಯಬೇಕು. ಕಡ್ಡಿಯ ತುದಿಯನ್ನು ನಯವಾದ ಉಪ್ಪುಕಾಗದದಿಂದ ಹೊಳಪು ಮಾಸುವಷ್ಟು ಮಾತ್ರ ಉಜ್ಜಿ, ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬೇಕು; ಹೆಚ್ಚು ಉಜ್ಜಿದರೆ ನಾರೇ ಕತ್ತರಿಸಿಹೋಗುತ್ತದೆ. ಎರಡು ಟ್ಯೂಬುಗಳಿಂದ ಬೆರೆಸುವ ಎಪಾಕ್ಸಿ ಅಂಟನ್ನು ತೆಳುವಾಗಿ ಸವರಿ, ಬಳೆಯನ್ನು ತಿರುಗಿಸುತ್ತ ಏರಿಸಬೇಕು. ಕಡ್ಡಿಯ ತುದಿಯೂ ಬಳೆಯ ತುದಿಯೂ ಒಂದೇ ಮಟ್ಟದಲ್ಲಿದ್ದು, ಮೊನೆಯ ಭುಜ ಎರಡಕ್ಕೂ ಒತ್ತಿ ಕೂರುವಂತಿರಬೇಕು. ಆಗ ಪೆಟ್ಟು ಎರಡಕ್ಕೂ ಹಂಚಿಹೋಗುತ್ತದೆ. ಬಳೆಯ ಹಿಂದಿನ ಅಂಚನ್ನು ಅರದಿಂದ ಇಳಿಜಾರು ಮಾಡಿದರೆ ಗುರಿಯಿಂದ ಕೀಳುವಾಗ ತೊಡಕಾಗದು. ಒಂದು ಹಗಲು ಒಂದು ಇರುಳು ಮುಟ್ಟದೆ ಒಣಗಲು ಬಿಡುವುದು ಲೇಸು.

ಬಳೆ ದೊರೆಯದಿದ್ದರೆ ದಾರವೇ ಸಾಕು. ಬಿದಿರಿನ ಬಾಣದ ತುದಿಗಳನ್ನು ನಾರಿನಿಂದಲೋ ನೂಲಿನಿಂದಲೋ ಬಿಗಿದು ಕಟ್ಟುವುದು ಹಿಂದಿನಿಂದ ಬಂದ ಪದ್ಧತಿ. ಬಲವಾದ ರೇಷ್ಮೆ ಅಥವಾ ಪಾಲಿಯೆಸ್ಟರ್ ದಾರವನ್ನು ಒಂದರ ಪಕ್ಕಕ್ಕೆ ಒಂದು ಸುತ್ತು ಬರುವಂತೆ ಅರ್ಧ ಅಂಗುಲ ಸುತ್ತಿ, ಅಂಟನ್ನು ಕುಡಿಸಿದರೆ ಉದ್ದಕ್ಕೆ ಸೀಳಲು ಹೊರಟ ನಾರಿಗೆ ಅಡ್ಡ ಕಟ್ಟೊಂದು ದೊರೆಯುತ್ತದೆ. ಹೆದೆ ಕೂರುವ ಪ್ಲಾಸ್ಟಿಕ್ ಕಚ್ಚಿನ ಬುಡಕ್ಕೆ ಈ ಕಟ್ಟು ವಿಶೇಷವಾಗಿ ಒಪ್ಪುತ್ತದೆ.

ಗರಿಗಳಿಗೂ ದಾರದ ರಕ್ಷೆ ಬೇಕು. ಮರದ ಬಿಲ್ಲಿನಲ್ಲಿ ಬಾಣ ಬಿಲ್ಲಿನ ಮೈಯನ್ನೋ ಮುಷ್ಟಿಯನ್ನೋ ಸವರಿಕೊಂಡೇ ಹೋಗುವುದರಿಂದ ಪ್ಲಾಸ್ಟಿಕ್ ರೆಕ್ಕೆಗಿಂತ ಬಾಗಿ ದಾರಿಬಿಡುವ ಹಕ್ಕಿಯ ಗರಿಯೇ ಮೇಲು. ಆದರೆ ಗರಿಯ ಮುಂಬದಿಯ ದಂಟು ಎದ್ದರೆ ಅದು ಸೂಜಿಯಂತೆ ಕೈಯನ್ನು ಹೊಗುತ್ತದೆ. ಮುಂದಿನ ತುದಿಯನ್ನು ಹತ್ತಾರು ಸುತ್ತು ದಾರದಿಂದ ಕಟ್ಟಿ ಅಂಟು ಸವರಿದರೆ ಗರಿಯೂ ಉಳಿಯುತ್ತದೆ, ಕೈಯೂ ಉಳಿಯುತ್ತದೆ.

ಮೊನೆಯನ್ನು ಬಿಸಿ ಅಂಟಿನಿಂದ ಕೂರಿಸುವವರು ಕಡ್ಡಿಯನ್ನು ಎಂದಿಗೂ ಉರಿಗೆ ಹಿಡಿಯಬಾರದು. ರಾಳ ಸುಟ್ಟು ತುದಿ ಜೊಳ್ಳಾಗುತ್ತದೆ. ಲೋಹದ ಮೊನೆಯನ್ನು ಮಾತ್ರ ಬಿಸಿಮಾಡಿ ಅಂಟನ್ನು ಅದರ ಮೇಲೆ ಕರಗಿಸಬೇಕು. ಕಡ್ಡಿಯನ್ನು ಕತ್ತರಿಸುವುದಕ್ಕೂ ಹಲ್ಲಿನ ಗರಗಸ ಸಲ್ಲದು. ವೇಗವಾಗಿ ತಿರುಗುವ ತೆಳು ಸಾಣೆಯ ಬಿಲ್ಲೆ ಬೇಕು. ಏಳುವ ಕಪ್ಪು ಧೂಳು ಶ್ವಾಸಕೋಶಕ್ಕೆ ಹಾನಿಕರವಾದ್ದರಿಂದ ಮೂಗುಬಾಯಿಗೆ ಮುಸುಕು, ಕಣ್ಣಿಗೆ ಕನ್ನಡಕ ಇರಲೇಬೇಕು.

ತೂಕ ಮತ್ತು ಬಳುಕು

ಹಗುರವಾದ ಬಾಣ ದೂರ ಹಾರುತ್ತದೆಂಬ ಆಸೆ ಹೊಸಬರಿಗೆ ಸಹಜ. ಆದರೆ ಬಾಣ ತೀರ ಹಗುರವಾದರೆ ಹೆದೆಯ ಶಕ್ತಿಯನ್ನು ಅದು ಹೊತ್ತೊಯ್ಯಲಾರದೆ, ಉಳಿದ ಶಕ್ತಿ ಬಿಲ್ಲಿನ ಮೇಲೆಯೇ ತಿರುಗಿಬೀಳುತ್ತದೆ. ಬರಿಯ ಹೆದೆಯನ್ನು ಎಳೆದು ಬಿಟ್ಟಂತೆಯೇ ಅದು. ಮರದ ಬಿಲ್ಲು ಒಡೆಯಲು ಬೇರೆ ಕಾರಣ ಬೇಡ. ಎಳೆತದ ಒಂದು ಪೌಂಡಿಗೆ ಎಂಟರಿಂದ ಹತ್ತು ಗ್ರೇನ್ ತೂಕದ ಬಾಣವಿರಬೇಕೆಂಬುದು ಸಾಂಪ್ರದಾಯಿಕ ಬಿಲ್ಲಿನವರು ಅನುಸರಿಸುವ ಲೆಕ್ಕ. 40 ಪೌಂಡಿನ ಬಿಲ್ಲಿಗೆ ಒಂಬತ್ತರಂತೆ 360 ಗ್ರೇನ್, ಎಂದರೆ 23 ಗ್ರಾಮ್‌ಗಳಿಗೆ ತುಸು ಮೇಲು. ಗೋಡೆ ದಪ್ಪಗಿರುವ ಕಡ್ಡಿಯನ್ನು ಆರಿಸಿ, ಹಿತ್ತಾಳೆಯ ಒಳಬೆಣೆಯನ್ನು ಹಾಕಿ ಈ ತೂಕವನ್ನು ತುಂಬಿಸಿದರೆ ಬಾಣವೂ ಬಾಳುತ್ತದೆ, ಬಿಲ್ಲೂ ಬಾಳುತ್ತದೆ.

ತೂಕದಷ್ಟೇ ಮುಖ್ಯವಾದುದು ಬಳುಕು. ಬಿಟ್ಟ ಬಾಣ ನೇರ ಕೋಲಿನಂತೆ ಹೊರಡುವುದಿಲ್ಲ. ಮೀನಿನಂತೆ ಬಳುಕಿ ಬಿಲ್ಲನ್ನು ಬಳಸಿಕೊಂಡು ಹೋಗುತ್ತದೆ. ಅಮೆರಿಕದ ಹಿಕ್ಮನ್, ಕ್ಲಾಪ್‌ಸ್ಟೆಗ್ ಮೊದಲಾದವರು 1930ರ ದಶಕದಲ್ಲಿ ಈ ಬಳುಕನ್ನು ಶಾಸ್ತ್ರೀಯವಾಗಿ ಅಭ್ಯಸಿಸಿದರು. ಅತಿವೇಗದ ಕ್ಯಾಮೆರಾ ಅದನ್ನು ಕಣ್ಣಿಗೆ ಕಾಣುವಂತೆ ಮಾಡಿತು. 28 ಅಂಗುಲ ಅಂತರದ ಎರಡು ಆಧಾರಗಳ ಮೇಲೆ ಕಡ್ಡಿಯನ್ನಿಟ್ಟು, ನಡುವೆ 880 ಗ್ರಾಮ್ ತೂಗುಹಾಕಿದಾಗ ಅದು ಅರ್ಧ ಅಂಗುಲ ಬಾಗಿದರೆ ಆ ಕಡ್ಡಿಯ ಅಂಕಿ 500. ಅಂಕಿ ಹಿಗ್ಗಿದಂತೆ ಕಡ್ಡಿ ಮೆತ್ತಗೆ. ಬಿಲ್ಲಿಗೆ ಹೊಂದದ ಕಡ್ಡಿ ಪ್ರತಿಸಲವೂ ಬಿಲ್ಲಿನ ಮೈಗೆ ಬಡಿದು, ಗುರಿಯನ್ನು ಓರೆಯಾಗಿ ಹೊಕ್ಕು, ಅಡ್ಡಪೆಟ್ಟು ತಿಂದು ಬೇಗ ಸಾಯುತ್ತದೆ. ಮುಂದಿನ ಭಾರ ಹೆಚ್ಚಿದರೆ ಬಾಣ ಹೆಚ್ಚು ಬಳುಕುತ್ತದೆ. ಹೊರಗೆ ತೊಡಿಸಿದ ಬಳೆ ತುದಿಯನ್ನು ಕೊಂಚ ಬಿರುಸಾಗಿಸುತ್ತದೆ. ಆದುದರಿಂದ ಮೊದಲು ಒಂದೇ ಬಾಣಕ್ಕೆ ಬಳೆ ತೊಡಿಸಿ, ಹಾರಿಸಿ ನೋಡಿ, ಅನಂತರ ಉಳಿದವಕ್ಕೆ ಕೈಹಾಕುವುದು ಜಾಣತನ.

ಪಂದ್ಯಗಳಿಗೆ ಹೋಗುವವರು ನಿಯಮಗಳನ್ನೂ ತಿಳಿದಿರಬೇಕು. ಅಂತರರಾಷ್ಟ್ರೀಯ ನಿಯಮದಲ್ಲಿ ಕಡ್ಡಿಯ ವ್ಯಾಸ 9.3 ಮಿಲಿಮೀಟರನ್ನು ಮೀರುವಂತಿಲ್ಲ. ಮರದ ಬಾಣವನ್ನೇ ಕೇಳುವ ವಿಭಾಗಗಳೂ ಉಂಟು. ಅಲ್ಲಿ ಇಂಗಾಲಕ್ಕೆ ಪ್ರವೇಶವಿಲ್ಲ.

ಗೋಣಿಯ ಗುರಿ

ಬಾಣದ ಆಯುಸ್ಸಿನ ಅರ್ಧಭಾಗ ಬಾಣದಲ್ಲಿದ್ದರೆ, ಇನ್ನರ್ಧ ಅದು ಹೋಗಿ ನಾಟುವ ಗುರಿಯಲ್ಲಿದೆ. ತೋಟದ ಸಿಲ್ವರ್ ಓಕ್ ಮರದ ಬೊಡ್ಡೆಗೆ ಗುರಿಯ ಕಾಗದವನ್ನು ಅಂಟಿಸುವುದಕ್ಕಿಂತ ಕೆಟ್ಟ ಅಭ್ಯಾಸ ಮತ್ತೊಂದಿಲ್ಲ. ಮರಕ್ಕೂ ಗಾಯ, ಬಾಣಕ್ಕೂ ಮೃತ್ಯು. ಕಾಫಿಯ ನಾಡಿನಲ್ಲಿ ಗೋಣಿಚೀಲಕ್ಕೆ ಬರವಿಲ್ಲ. ಹಳೆಯ ಚೀಲವೊಂದರಲ್ಲಿ ಚಿಂದಿಬಟ್ಟೆಯನ್ನು ಗಟ್ಟಿಯಾಗಿ ತುರುಕಿ ಬಾಯಿ ಹೊಲಿದರೆ ಉತ್ತಮವಾದ ಗುರಿಯಾಗುತ್ತದೆ. ಗುಂಡಿ, ಕೊಂಡಿ, ಜಿಪ್ಪುಗಳನ್ನು ಮೊದಲೇ ಕತ್ತರಿಸಿ ತೆಗೆದಿರಬೇಕು. ಭತ್ತದ ಹುಲ್ಲನ್ನು ಬಿಗಿದು ಕಟ್ಟಿದ ಕಂತೆಯೂ ಒಳ್ಳೆಯದೇ. ಗುರಿಯ ಹಿಂದೆ ಎರಡು ಮೂರು ಪದರ ಗೋಣಿಯನ್ನು ಸಡಿಲವಾಗಿ ಇಳಿಬಿಟ್ಟರೆ, ಗುರಿತಪ್ಪಿದ ಬಾಣ ಅದರಲ್ಲಿ ಸಿಕ್ಕಿ ವೇಗ ಕಳೆದುಕೊಳ್ಳುತ್ತದೆ. ಬಿಗಿದು ಕಟ್ಟಿದ ಗೋಣಿಯನ್ನು ಬಾಣ ತೂರಿಹೋಗುತ್ತದೆ. ಸಡಿಲವಾದ ಗೋಣಿ ಅದನ್ನು ಮಡಿಲಲ್ಲಿ ಹಿಡಿದುಕೊಳ್ಳುತ್ತದೆ. ಆದರೂ ಅದರಾಚೆಗೆ ಮನುಷ್ಯರೂ ದನಕರುಗಳೂ ಸುಳಿಯದಂತಹ ಮಣ್ಣಿನ ದಿಣ್ಣೆಯಿರುವುದು ಅವಶ್ಯ. ಆ ದಿಣ್ಣೆಯ ಕಲ್ಲುಗಳನ್ನು ಆರಿಸಿ ತೆಗೆದಿರಬೇಕು.

ಕೈ ಕುದುರಿದ ಮೇಲೆ ಬೇರೊಂದು ಅಪಾಯವಿದೆ. ಎಲ್ಲ ಬಾಣಗಳೂ ಒಂದೇ ಕಡೆ ಬೀಳತೊಡಗಿ ಒಂದರ ಬಾಲವನ್ನು ಇನ್ನೊಂದು ಸೀಳುತ್ತದೆ. ನೋಡುವವರಿಗೆ ಅದು ಚಮತ್ಕಾರ. ನೂರಾರು ರೂಪಾಯಿ ತೆತ್ತವನಿಗೆ ನಷ್ಟ. ಒಂದೇ ಗುರಿಯ ಬದಲು ಐದಾರು ಸಣ್ಣ ಚುಕ್ಕೆಗಳನ್ನು ಇಟ್ಟು, ಚುಕ್ಕೆಗೊಂದು ಬಾಣವನ್ನು ಬಿಟ್ಟರೆ ಈ ತೊಂದರೆ ತಪ್ಪುತ್ತದೆ. ನಾಟಿದ ಬಾಣವನ್ನು ಅಲುಗಾಡಿಸಿ ಕೀಳಬಾರದು. ಒಂದು ಕೈಯಿಂದ ಗುರಿಯನ್ನು ಒತ್ತಿಹಿಡಿದು, ಇನ್ನೊಂದು ಕೈಯಿಂದ ಕಡ್ಡಿಯನ್ನು ಗುರಿಯ ಹತ್ತಿರವೇ ಹಿಡಿದು, ಹೋದ ದಾರಿಯಲ್ಲೇ ನೇರವಾಗಿ ಹಿಂದಕ್ಕೆ ಎಳೆಯಬೇಕು. ಎಳೆಯುವವನ ಬೆನ್ನ ಹಿಂದೆ ಯಾರೂ ನಿಂತಿರಬಾರದು.

ಕಿವಿಗೊಟ್ಟು ಕೇಳಬೇಕು

ಇಷ್ಟೆಲ್ಲ ಮಾಡಿದ ಮೇಲೂ ಬಾಣ ಅಮರವಾಗುವುದಿಲ್ಲ. ಆದುದರಿಂದ ಕೀಳುವ ಪ್ರತಿಯೊಂದು ಬಾಣವನ್ನೂ ಪರೀಕ್ಷಿಸುವುದು ಎಲ್ಲ ಉಪಾಯಗಳಿಗಿಂತ ದೊಡ್ಡ ಉಪಾಯ. ಮೊದಲು ಬೆಳಕಿಗೆ ಹಿಡಿದು ತಿರುಗಿಸುತ್ತ ಗೀರು, ಬಿರುಕು, ಸಿಬಿರುಗಳನ್ನು ನೋಡಬೇಕು. ಬರಿಗೈಯನ್ನು ಕಡ್ಡಿಯ ಮೇಲೆ ಜಾರಿಸಬಾರದು. ಹತ್ತಿಯ ತುಣುಕನ್ನು ಸವರಿದರೆ ಎದ್ದ ನಾರು ಎಲ್ಲಿದ್ದರೂ ಹತ್ತಿಯನ್ನು ಹಿಡಿದುಕೊಳ್ಳುತ್ತದೆ. ಅನಂತರ ಎರಡು ತುದಿಗಳನ್ನು ಹಿಡಿದು, ಮುಖದಿಂದ ದೂರಕ್ಕೆ, ಒಂದೆರಡು ಅಂಗುಲ ಮಾತ್ರ ಮೆಲ್ಲಗೆ ಬಾಗಿಸಬೇಕು. ಕಾಲು ಸುತ್ತು ತಿರುಗಿಸಿ ಮತ್ತೆ ಬಾಗಿಸಬೇಕು. ಹೀಗೆ ನಾಲ್ಕು ದಿಕ್ಕಿಗೂ. ಬಟ್ಟೆ ಹಿಂಡುವಂತೆ ಎರಡು ತುದಿಗಳನ್ನು ಎದುರುಬದುರಾಗಿ ಹಗುರವಾಗಿ ತಿರುಚಿಯೂ ನೋಡಬೇಕು. ಆಗ ಕಿವಿಗೊಡಬೇಕು. ಗಟ್ಟಿಯಾದ ಕಡ್ಡಿ ಮೌನವಾಗಿರುತ್ತದೆ. ಒಣಗಿದ ಎಲೆಯನ್ನು ತುಳಿದಂತೆ ಚಿಟಚಿಟ ಸದ್ದು ಬಂದರೆ ಅದರ ಕಾಲ ಮುಗಿಯಿತು.

ಅಂಥ ಬಾಣಕ್ಕೆ ಅಂಟು ಹಾಕಿ ಬದುಕಿಸುವ ಪ್ರಯತ್ನ ಸರ್ವಥಾ ಕೂಡದು. ಬಳೆ, ದಾರಗಳೆಲ್ಲ ಗಟ್ಟಿಯಾದ ಬಾಣವನ್ನು ಕಾಪಾಡುವುದಕ್ಕೇ ಹೊರತು ಸತ್ತ ಬಾಣವನ್ನು ಎಬ್ಬಿಸುವುದಕ್ಕಲ್ಲ. ಮೊನೆ, ಕಚ್ಚು, ಗರಿಗಳನ್ನು ಬಿಚ್ಚಿಕೊಂಡು, ಕಡ್ಡಿಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಎರಡು ತುಂಡು ಮಾಡಿಬಿಡಬೇಕು. ಇಡಿಯಾಗಿ ಮೂಲೆಯಲ್ಲಿ ಇಟ್ಟರೆ, ತಿಳಿಯದ ಮಗುವೊಂದು ನಾಳೆ ಅದನ್ನೇ ಹೆದೆಗೇರಿಸೀತು. ಒಲೆಗೆ ಹಾಕುವುದೂ ಬೇಡ. ಅದರ ಹೊಗೆಯೂ ನಾರೂ ಕೆಟ್ಟವು.

ಬಡ ಮನೆಯ ಹುಡುಗನಿಗೆ ಬಾಣವನ್ನು ಹೀಗೆ ಮುರಿದು ಹಾಕುವುದು ಸುಲಭದ ಮಾತಲ್ಲ. ‘ಇನ್ನೊಂದು ಸಲ ಬಿಟ್ಟರೆ ಏನಾದೀತು?’ ಎಂಬ ಆಸೆ ಅವನನ್ನು ಕಾಡುತ್ತದೆ. ಅಪಘಾತಕ್ಕೆ ದಾರಿಯಾಗುವುದು ಈ ‘ಇನ್ನೊಂದು ಸಲ’ವೇ. ಮುಂಚಿತವಾಗಿ ತೊಡಿಸಿದ ಒಂದು ಅಂಗುಲದ ಬಳೆ, ಹತ್ತು ಸುತ್ತಿನ ದಾರ, ಚಿಂದಿ ತುಂಬಿದ ಒಂದು ಗೋಣಿ—ಇವು ಅಂಥ ದಿನವನ್ನು ಬಹುದೂರಕ್ಕೆ ತಳ್ಳುತ್ತವೆ. ಕಲಿಸುವ ಹಿರಿಯರು ಬಿಲ್ಲನ್ನು ಕೈಗೆ ಕೊಡುವ ಮೊದಲ ದಿನವೇ ಬಾಣವನ್ನು ಬಾಗಿಸಿ ಕೇಳುವುದನ್ನೂ ಹೇಳಿಕೊಡಬೇಕು.

ಕೈಲ್‌ಪೊಳ್ದಿನಂದು ಕೊಡಗಿನ ಮನೆಗಳಲ್ಲಿ ಆಯುಧಗಳನ್ನು ಒರೆಸಿ, ನೋಡಿ, ಪೂಜಿಸುವ ಸಂಪ್ರದಾಯ ಇಂದಿಗೂ ನಡೆದುಬಂದಿದೆ. ಆಯುಧವನ್ನು ಗೌರವಿಸುವುದೆಂದರೆ ಅದರ ಗುಣವನ್ನೂ ದೋಷವನ್ನೂ ಅರಿತಿರುವುದು ಎಂಬ ಮಾತು ಆ ಸಂಪ್ರದಾಯದಲ್ಲಿ ಅಡಗಿದೆ. ಕೋವಿಗೆ ವರ್ಷಕ್ಕೊಮ್ಮೆ ನಡೆಯುವ ಈ ಉಪಚಾರ ಇಂಗಾಲದ ಬಾಣಕ್ಕೆ ದಿನಕ್ಕೆ ಹಲವು ಬಾರಿ ಸಲ್ಲಬೇಕು. ಹಾಗೆ ಸಂದಾಗ, ಬಿಟ್ಟ ಬಾಣ ಮರಳಿ ಬತ್ತಳಿಕೆಗೆ ಬರುತ್ತದೆ. ಬಿಟ್ಟ ಕೈಯೂ ಮರುದಿನದ ಅಭ್ಯಾಸಕ್ಕೆ ಕ್ಷೇಮವಾಗಿರುತ್ತದೆ.